ಡ್ಯೂಟಿಯಲ್ಲಿ ತೀರಿಕೊಂಡ ಪೊಲೀಸರ ಮಕ್ಕಳಿಗೆ ಏನೇನು ಬರಬೇಕು? ಯಾವುದಕ್ಕೆ ಎಷ್ಟು ಗಡುವು?

ಶರಾವತಿ_ದಡ
ನಮ್ಮ ತಾಲ್ಲೂಕಿನ ಹೆಡ್ ಕಾನ್‌ಸ್ಟೆಬಲ್ ಒಬ್ಬರು ಮೂರು ವಾರದ ಹಿಂದೆ ಹೈವೇ ಗಸ್ತಿನಲ್ಲಿದ್ದಾಗ ಲಾರಿ ಗುದ್ದಿ ತೀರಿಕೊಂಡರು. ವಯಸ್ಸು 38, ಇಲಾಖೆಗೆ ಸೇರಿದ್ದು 2010ರಲ್ಲಿ. ಹೆಂಡತಿ ಪಿಯುಸಿ ಓದಿದ್ದಾರೆ. ಮಗನಿಗೆ 14, ಮಗಳಿಗೆ 9. ಅವರ ತಾಯಿಯೂ ಜೊತೆಗಿದ್ದಾರೆ.

ಮನೆಗೆ ಬಂದವರೆಲ್ಲ ಒಂದೊಂದು ಹೇಳಿ ಹೋಗುತ್ತಿದ್ದಾರೆ. "ಮಗ ದೊಡ್ಡವನಾದ ಮೇಲೆ ಅಪ್ಪನ ಕೆಲಸ ಅವನಿಗೇ ಬರುತ್ತೆ, ಕಾಯಿರಿ" ಅಂತ ಒಬ್ಬರು. "ಪರಿಹಾರ ಬಂದರೆ ಕೋರ್ಟಿನ ಕೇಸು ಹಾಕೋ ಹಾಗಿಲ್ಲ" ಅಂತ ಇನ್ನೊಬ್ಬರು. "ಎನ್‌ಪಿಎಸ್‌ನವರಿಗೆ (ಹೊಸ ಪಿಂಚಣಿ ಯೋಜನೆಯವರಿಗೆ) ಪಿಂಚಣಿಯೇ ಇಲ್ಲ" ಅಂತ ಮತ್ತೊಬ್ಬರು. ಮಕ್ಕಳ ಪಾಲಿಗೆ ನಿಜವಾಗಿ ಏನು ಬರಬೇಕು, ಮೊದಲು ಏನು ಮಾಡಬೇಕು? ತಿಳಿದವರು ದಯವಿಟ್ಟು ಬಿಡಿಸಿ ಹೇಳಿ.

ಮಾಜಿ_ರೈಟರ್
ಆ ಮೂರೂ ಮಾತು ತಪ್ಪು. ಒಂದೊಂದಾಗಿ ಬೇರೆಯವರು ಹೇಳುತ್ತಾರೆ. ನಾನು ಎಲ್ಲಕ್ಕಿಂತ ಮೊದಲಿನ ಕೆಲಸ ಹೇಳುತ್ತೇನೆ. ಅವರು ತೀರಿಕೊಂಡಿದ್ದು ಕರ್ತವ್ಯದ ಮೇಲಿದ್ದಾಗಲೇ ಅನ್ನೋದು ಕಾಗದದಲ್ಲಿ ಗಟ್ಟಿಯಾಗಿ ಕೂತಿದೆಯೇ ನೋಡಿ. ಪರಿಹಾರ, ಪಿಂಚಣಿ, ವಿಮೆ, ವಿದ್ಯಾರ್ಥಿವೇತನ ಎಲ್ಲ ಕಡೆಯೂ ಮೊದಲು ಕೇಳೋದು ಇದನ್ನೇ.

ಬೇಕಾದ ನಕಲುಗಳು: ಆ ದಿನದ ಡ್ಯೂಟಿ ಹಂಚಿಕೆ ಆದೇಶ, ಠಾಣಾ ದಿನಚರಿಯ ಪುಟ, ಗಸ್ತು ವಾಹನದ ಲಾಗ್ ಪುಸ್ತಕ, ಕಂಟ್ರೋಲ್ ರೂಮಿನ ವೈರ್‌ಲೆಸ್ ಲಾಗ್, ಎಫ್‌ಐಆರ್, ಶವ ಪಂಚನಾಮೆ, ಮರಣೋತ್ತರ ಪರೀಕ್ಷೆ ವರದಿ. ಕೊನೆಯಲ್ಲಿ ಘಟಕದ ಮುಖ್ಯಸ್ಥರು ಅಂದರೆ ಎಸ್‌ಪಿ ಅಥವಾ ಕಮಾಂಡೆಂಟ್ ಕೊಡುವ ವರದಿ. ಅದರಲ್ಲಿ "ಕರ್ತವ್ಯ ನಿರ್ವಹಣೆಯ ವೇಳೆ" ಅನ್ನೋ ಮಾತು ಇರಲೇಬೇಕು.

ಎಡವಟ್ಟು ಆಗೋದು ಎಫ್‌ಐಆರ್‌ನಲ್ಲಿ. ದೂರು ಕೊಟ್ಟವರು ದಾರಿಹೋಕರಾದರೆ "ರಸ್ತೆ ಬದಿ ನಿಂತಿದ್ದ ವ್ಯಕ್ತಿಗೆ ಲಾರಿ ಡಿಕ್ಕಿ" ಅಂತಷ್ಟೇ ಬರೆದಿರುತ್ತೆ. ಎಫ್‌ಐಆರ್ ತಿದ್ದೋಕೆ ಆಗಲ್ಲ. ಆದರೆ ಜೊತೆಗಿದ್ದ ಸಿಬ್ಬಂದಿಯ ಹೇಳಿಕೆ ಪಡೆದು, ಡ್ಯೂಟಿ ಆದೇಶದ ನಕಲನ್ನು ಕೇಸ್ ಫೈಲಿಗೆ ಸೇರಿಸಿ, ಚಾರ್ಜ್‌ಶೀಟ್‌ನಲ್ಲಿ ಕಾಣೋ ಹಾಗೆ ಮಾಡಿ ಅಂತ ತನಿಖಾಧಿಕಾರಿಗೆ ಲಿಖಿತ ಮನವಿ ಕೊಡಬಹುದು. ಟೋಲ್ ಗೇಟಿನ ಸಿಸಿಟಿವಿ ದೃಶ್ಯ ಹಳೇದರ ಮೇಲೆ ಹೊಸದು ಬಿದ್ದು ಅಳಿಸಿಹೋಗುತ್ತೆ, ಅದನ್ನು ಈ ವಾರವೇ ಕೇಳಿಸಿ.

ಮಂಡ್ಯ_ಮಾತು
ಲಾಗ್ ಬುಕ್ಕು ಬಲು ಮುಖ್ಯ ಕಣ್ರೀ. ಡ್ಯೂಟಿ ಮುಗಿಸಿ ಮನೆಗೆ ಹೋಗ್ತಾ ಇದ್ದಾಗ ಆಗಿದ್ದಾ, ಡ್ಯೂಟಿಲೇ ಆಗಿದ್ದಾ ಅನ್ನೋ ಜಗಳ ಅಲ್ಲೇ ತೀರೋದು.

ವಕೀಲ್ರು_ಧಾರವಾಡ
ಅನುಕಂಪದ ನೌಕರಿ, ಅಂದ್ರ ತೀರಿಕೊಂಡ ನೌಕರನ ಮನಿಯವರೊಬ್ಬರಿಗೆ ಸರ್ಕಾರ ಕೊಡೋ ಕೆಲಸ, ಅದರ ವಿಷಯ ಹೇಳ್ತೀನ್ರಿ, ಇದರಾಗ ಭಾಳ ಮಂದಿ ಮೋಸ ಹೋಗ್ಯಾರ.

ಕರ್ನಾಟಕದಾಗ ನಡೆಯೋದು 1996ರ ಅನುಕಂಪದ ನೇಮಕಾತಿ ನಿಯಮಗಳು. ಸಾವಿನ ದಿನದಿಂದ ಒಂದು ವರ್ಷದೊಳಗ ಅರ್ಜಿ ಹಾಕಬೇಕು. ಹುದ್ದೆ ಗ್ರೂಪ್ ಸಿ ಇಲ್ಲಾ ಗ್ರೂಪ್ ಡಿ, ವಿದ್ಯಾರ್ಹತೆ ನೋಡಿ ಕೊಡ್ತಾರ. ಮೊದಲ ಹಕ್ಕು ಹೆಂಡತಿಗೆ. ಆಕಿಗೆ ಅರ್ಹತೆ ಇಲ್ಲ ಅಥವಾ ಸರಿಯಾದ ಕಾರಣಕ್ಕ ಬ್ಯಾಡ ಅಂದ್ರ ಮಕ್ಕಳಿಗೆ. ಈ ಹುಡುಗನಿಗೆ 14. ಅವನು 18 ಆಗೂತನಕ ಹುದ್ದೆ ಕಾದಿಡೂದಿಲ್ಲ. ಅಪ್ರಾಪ್ತರಿಗೆ ನಿಯಮದಾಗ ಇರೋ ಅವಕಾಶ, ಸಾವಿನ ಹೊತ್ತಿಗೆ 18ರ ಅಂಚಿನಾಗ ಇದ್ದವರಿಗೆ ಮಾತ್ರ ಉಪಯೋಗ. ಹಂಗಾಗಿ ಆ ತಾಯಿನೇ ಈಗ ಅರ್ಜಿ ಹಾಕಬೇಕು. ಪಿಯುಸಿ ಆಗೇತಿ ಅಂದಮ್ಯಾಲ ಗ್ರೂಪ್ ಸಿ ಹುದ್ದೆ ಕೇಳಬಹುದು.

ಸೀತಾಳೆ
ಆದರೆ ಹಿಂದೆ ಮಕ್ಕಳ ಹೆಸರು ಬರೆದಿಟ್ಟುಕೊಂಡು 18 ತುಂಬಿದ ಮೇಲೆ ಕೊಡುತ್ತಿದ್ದರಲ್ಲ? ಹಲವರಿಗೆ ಸಿಕ್ಕಿದೆ.

ವಕೀಲ್ರು_ಧಾರವಾಡ
ಹಂಗ ಬರೆದಿಟ್ಟ ಪ್ರಕರಣನ ಸುಪ್ರೀಂ ಕೋರ್ಟಿಗೆ ಹೋಗೇತಿ ನೋಡ್ರಿ. ಹರಿಯಾಣದಾಗ ಒಬ್ಬ ಕಾನ್‌ಸ್ಟೆಬಲ್ 1997ರಾಗ ಡ್ಯೂಟಿ ಮ್ಯಾಲ ತೀರಿಕೊಂಡ. ಮಗ ಆಗ ಏಳು ವರ್ಷದಾಂವ. ತಾಯಿ ಓದು ಬಾರದಾಕಿ, ತನಗ ಕೆಲಸ ಕೇಳಲಿಲ್ಲ, ಮಗಗ ಕೊಡ್ರಿ ಅಂದಳು. ಇಲಾಖೆಯವರು ಅಪ್ರಾಪ್ತರ ಪಟ್ಟಿಯಾಗ ಹುಡುಗನ ಹೆಸರು ಬರೆದುಕೊಂಡ್ರು. 2008ರಾಗ ಅವನು ದೊಡ್ಡಾಂವ ಆಗಿ ಅರ್ಜಿ ಹಾಕಿದ, ಗಡುವು ಮುಗಿದೈತಿ ಅಂತ ತಿರಸ್ಕಾರ. 2024ರ ನವೆಂಬರದಾಗ ಸುಪ್ರೀಂ ಕೋರ್ಟು ಆ ತಿರಸ್ಕಾರ ಎತ್ತಿಹಿಡೀತು. ಅನುಕಂಪದ ನೌಕರಿ ಆಸ್ತಿ ಹಂಗ ಬರೋ ಹಕ್ಕಲ್ಲ, ಆ ಹೊತ್ತಿನ ಸಂಕಟ ಕಳೆಯೋ ನೆರವು ಅಂತ 1994ರಿಂದ ಕೋರ್ಟು ಹೇಳ್ಕೋತ ಬಂದೈತಿ. ತಾಯಿ ಒಂದೇ ಗಂಟಿನ ಪರಿಹಾರಕ್ಕ ಅರ್ಜಿ ಕೊಟ್ರ ಪರಿಗಣಿಸ್ರಿ ಅಂತ ಹೇಳಿದ್ದಷ್ಟ ಉಳಿದ ಸಮಾಧಾನ. ಹನ್ನೊಂದು ವರ್ಷ ಕಾದದ್ದು ನೌಕರಿ ಮಟ್ಟಿಗೆ ನೀರಾಗ ಹೋಮ ಮಾಡಿದಂಗ ಆತು.

ಕಾಯ್ರಿ ಅಂತ ಹೇಳಾವರಿಗೆ ಈ ತೀರ್ಪು ಓದಿ ಹೇಳ್ರಿ.

ಮಂಡ್ಯ_ಮಾತು
ಹೆಣ್ಣುಮಗು ಮದುವೆ ಆಗಿದ್ರೆ ಕೊಡಲ್ಲ ಅಂತಿದ್ರು. ಅದು ಈಗಲೂ ಇದೆಯಾ?

ವಕೀಲ್ರು_ಧಾರವಾಡ
ಇಲ್ಲ. ನಿಯಮದಾಗ "ಅವಿವಾಹಿತ" ಅಂತಿದ್ದ ಪದವನ್ನ 2020ರ ಡಿಸೆಂಬರದಾಗ ನಮ್ಮ ಹೈಕೋರ್ಟು ಹೊಡೆದು ಹಾಕೇತಿ. ಮಗನಿಗೆ ಮದುವಿ ಅಡ್ಡಿ ಅಲ್ಲ ಅಂದ್ರ ಮಗಳಿಗೂ ಅಲ್ಲ ಅಂತ ತರ್ಕ. ಆದರ ತಂದೆ ಮ್ಯಾಲ ಅವಲಂಬಿತಳಾಗಿದ್ದಳು ಅಂತ ತೋರಿಸಬೇಕಾಗತೈತಿ. ಗಂಡನ ಮನಿಯಾಗ ಅನುಕೂಲ ಇದ್ದು ಕೇಳಿದ್ರ ಆಗೂದಿಲ್ಲ.

ಟ್ರೆಜರಿ_ಟೋಕನ್
ಪಿಂಚಣಿ ವಿಚಾರಕ್ಕೆ ಬರುತ್ತೇನೆ. 2006ರ ಏಪ್ರಿಲ್ 1 ಅಥವಾ ಆಮೇಲೆ ಸೇರಿದ ರಾಜ್ಯ ನೌಕರರು ಎನ್‌ಪಿಎಸ್‌ನಲ್ಲಿರುತ್ತಾರೆ. ಅಷ್ಟಕ್ಕೇ ಕುಟುಂಬ ಪಿಂಚಣಿ ಇಲ್ಲ ಅನ್ನೋದು ತಪ್ಪು. ಸೇವೆಯಲ್ಲಿರುವಾಗ ತೀರಿಕೊಂಡ ಎನ್‌ಪಿಎಸ್ ನೌಕರರ ಕುಟುಂಬಕ್ಕೂ ಕುಟುಂಬ ಪಿಂಚಣಿ ಮತ್ತು ಮರಣ ಉಪದಾನ (ಗ್ರಾಚ್ಯುಟಿ) ಕೊಡುವ ಆದೇಶ 2018ರಲ್ಲೇ ಆಗಿದೆ.

ಇಲ್ಲಿ ಎಚ್ಚರ ಬೇಕಾದ ಜಾಗ ಒಂದಿದೆ. ಪ್ರಾನ್ ಖಾತೆಯ (ಎನ್‌ಪಿಎಸ್‌ನಲ್ಲಿ ಅವರ ಹೆಸರಿಗೆ ಹಣ ಜಮೆಯಾದ ಖಾತೆ) ಹಣ ಪೂರ್ತಿ ವಾಪಸ್ ಪಡೆಯೋ ಫಾರ್ಮನ್ನು ಯಾರಾದರೂ ತಂದು "ಇಲ್ಲಿ ಸಹಿ ಮಾಡಿ, ಬೇಗ ದುಡ್ಡು ಬರುತ್ತೆ" ಅಂದರೆ ಮಾಡಬೇಡಿ. ಆ ಗಂಟನ್ನು ಪೂರ್ತಿ ತೆಗೆದುಕೊಂಡು ಕುಟುಂಬ ಪಿಂಚಣಿಯನ್ನೂ ಪಡೆಯೋ ಹಾಗಿಲ್ಲ. ಮೊದಲು ಕುಟುಂಬ ಪಿಂಚಣಿ ಬೇಕು ಅಂತ ಲಿಖಿತವಾಗಿ ಕೊಟ್ಟು, ಎಸ್‌ಪಿ ಕಚೇರಿಯಿಂದ ಸ್ವೀಕೃತಿ ಹಾಕಿಸಿಕೊಳ್ಳಿ. 38ರ ಹರೆಯದಲ್ಲಿ ಹೋದವರ ಮನೆಗೆ ಮೂವತ್ತು ನಲವತ್ತು ವರ್ಷ ಬರೋ ಪಿಂಚಣಿ ದೊಡ್ಡದೋ, ಹದಿನೈದು ವರ್ಷದ ಪ್ರಾನ್ ಗಂಟು ದೊಡ್ಡದೋ, ಲೆಕ್ಕ ಹಾಕಿದರೆ ತಿಳಿಯುತ್ತೆ. ತುಟ್ಟಿಭತ್ಯೆ ಏರಿದಂತೆ ಪಿಂಚಣಿಯೂ ಏರುತ್ತೆ.

ಫೈಲಿನ ದಾರಿ: ಘಟಕದ ಕಚೇರಿಯಲ್ಲಿ ಪಿಂಚಣಿ ಪ್ರಸ್ತಾವನೆ ತಯಾರು, ಅಲ್ಲಿಂದ ಬೆಂಗಳೂರಿನ ಮಹಾಲೇಖಪಾಲರ ಕಚೇರಿ, ಅಲ್ಲಿ ಪಿಂಚಣಿ ಸಂದಾಯ ಆದೇಶ, ಆಮೇಲೆ ಖಜಾನೆ, ಬ್ಯಾಂಕು. ಮಹಾಲೇಖಪಾಲರ ಕಚೇರಿಯಿಂದ ಆಕ್ಷೇಪಣೆಯಾಗಿ ಫೈಲು ವಾಪಸ್ ಬರೋದು ಸಾಮಾನ್ಯವಾಗಿ ಸೇವಾ ಪುಸ್ತಕದ ಕಾರಣಕ್ಕೆ. ಹೆಂಡತಿ ಹೆಸರು ಸೇವಾ ಪುಸ್ತಕದಲ್ಲಿ ಒಂದು, ಆಧಾರ್‌ನಲ್ಲಿ ಇನ್ನೊಂದು. ಮಗುವಿನ ಹುಟ್ಟಿದ ದಿನ ಜನನ ಪತ್ರದಲ್ಲೊಂದು, ಶಾಲೆಯಲ್ಲೊಂದು. ವಾರ್ಷಿಕ ಸೇವಾ ಪರಿಶೀಲನೆಯ ಸಹಿ ನಡುವಿನ ಎರಡು ವರ್ಷ ಇಲ್ಲ. ಹಳೇ ಘಟಕದಿಂದ ವರ್ಗವಾಗಿ ಬಂದಾಗ ರಜೆ ಲೆಕ್ಕ ಬಂದಿಲ್ಲ. ಫೈಲು ಬೆಂಗಳೂರಿಗೆ ಹೋಗೋ ಮುಂಚೆ ಸಿಬ್ಬಂದಿ ಶಾಖೆಯಲ್ಲಿ ಕೂತು ಇಷ್ಟನ್ನು ನೋಡಿಸಿದರೆ ತಿಂಗಳುಗಟ್ಟಲೆ ಉಳಿಯುತ್ತೆ.

ಸೀತಾಳೆ
ಮಕ್ಕಳಿಗೆ ಕುಟುಂಬ ಪಿಂಚಣಿಯಲ್ಲಿ ಬೇರೆ ಪಾಲು ಬರುತ್ತದೆಯೆ?

ಟ್ರೆಜರಿ_ಟೋಕನ್
ತಾಯಿ ಇರುವವರೆಗೆ ಇಲ್ಲ. ಪಿಂಚಣಿ ಒಂದೇ, ಅದು ತಾಯಿಗೆ. ತಾಯಿಯೂ ತೀರಿಕೊಂಡರೆ ಅಥವಾ ಮರುಮದುವೆಯಾದರೆ ಮಕ್ಕಳಿಗೆ ಬರುತ್ತೆ, ಅದೂ ದೊಡ್ಡವರಿಂದ ಚಿಕ್ಕವರಿಗೆ ಸರದಿಯಲ್ಲಿ. ಅದಕ್ಕೇ ಈಗಲೇ ಇಬ್ಬರು ಮಕ್ಕಳ ಹೆಸರು, ಜನ್ಮದಿನ ಪ್ರಸ್ತಾವನೆಯ ಕುಟುಂಬ ವಿವರದಲ್ಲಿ ಸರಿಯಾಗಿ ಸೇರಿಸಿ. ಅಂಗವೈಕಲ್ಯ ಇರುವ ಮಗು ಇದ್ದರೆ ಅದನ್ನೂ ಈಗಲೇ ದಾಖಲಿಸಬೇಕು. ದುಡಿಯಲಾಗದ ಮಗುವಿಗೆ ಜೀವನಪೂರ್ತಿ ಕೊಡುವ ಅವಕಾಶ ಇದೆ. ಇಪ್ಪತ್ತು ವರ್ಷ ಬಿಟ್ಟು ಸಾಬೀತು ಮಾಡಲು ಹೊರಟರೆ ಅಲೆದಾಟ.

ಮರಣ ಉಪದಾನದಲ್ಲಿ ಮಾತ್ರ ನಾಮಿನಿ ಇಲ್ಲದಿದ್ದರೆ ಕುಟುಂಬದ ಅರ್ಹರಿಗೆ ಸಮಪಾಲು, ಮಕ್ಕಳೂ ಅದರಲ್ಲಿ ಬರುತ್ತಾರೆ.

ನಾಡಕಚೇರಿ_ಮಿತ್ರ
ಪತ್ರಗಳ ಬಗ್ಗೆ. ಮರಣ ಪ್ರಮಾಣಪತ್ರದ ಎಂಟು ಹತ್ತು ಮೂಲ ಪ್ರತಿ ತೆಗೆಸಿಡಿ. 21 ದಿನದೊಳಗೆ ಮರಣ ನೋಂದಣಿ ಆಗಿರಬೇಕು. ಆಸ್ಪತ್ರೆಯಲ್ಲಿ ತೀರಿಕೊಂಡಿದ್ದರೆ ಅವರೇ ಮಾಡಿಸಿರುತ್ತಾರೆ, ಸ್ಥಳದಲ್ಲೇ ಆಗಿದ್ದರೆ ಘಟನೆ ನಡೆದ ಊರಿನ ವ್ಯಾಪ್ತಿಯಲ್ಲಿ ನೋಂದಣಿ, ತಮ್ಮ ಊರಲ್ಲಲ್ಲ. ಇಲ್ಲಿ ತುಂಬ ಜನ ಸುತ್ತುತ್ತಾರೆ.

ನಾಡಕಚೇರಿಯಿಂದ ಎರಡು ಬೇರೆ ಬೇರೆ ಪತ್ರ ಬೇಕು. ಒಂದು ವಂಶವೃಕ್ಷ, ಇನ್ನೊಂದು ಜೀವಂತ ಸದಸ್ಯರ ದೃಢೀಕರಣ. ಎರಡರಲ್ಲೂ ಹೆಂಡತಿ, ಇಬ್ಬರು ಮಕ್ಕಳು, ತಾಯಿ ನಾಲ್ವರೂ ಬರಬೇಕು. ತಾಯಿಯ ಹೆಸರು ಬಿಟ್ಟು ಮಾಡಿಸಿದರೆ ಮುಂದೆ ತಕರಾರು ಖಚಿತ, ಹಿಂದೂ ಉತ್ತರಾಧಿಕಾರದಲ್ಲಿ ತಾಯಿಯೂ ಮೊದಲ ದರ್ಜೆಯ ವಾರಸುದಾರಳು.

ಮಗನ ಆಧಾರ್ ಕೂಡ ನೋಡಿ. 15 ತುಂಬಿದಾಗ ಬೆರಳಚ್ಚು, ಕಣ್ಣಿನ ಗುರುತು ಕಡ್ಡಾಯವಾಗಿ ಹೊಸದು ಮಾಡಿಸಬೇಕು. ಅದು ಬಾಕಿ ಇದ್ದರೆ ವಿದ್ಯಾರ್ಥಿವೇತನದ ಅರ್ಜಿ ದೃಢೀಕರಣದಲ್ಲೇ ಸಿಕ್ಕಿಕೊಳ್ಳುತ್ತದೆ. ಹಳೇ ಆದಾಯ ಪ್ರಮಾಣಪತ್ರ ತಂದೆಯ ಸಂಬಳದ ಮೇಲೆ ಆಗಿರುತ್ತದೆ, ಅದನ್ನು ಬಿಟ್ಟು ಈಗಿನ ಸ್ಥಿತಿಗೆ ಹೊಸದು ಮಾಡಿಸಿ.

ವಕೀಲ್ರು_ಧಾರವಾಡ
ಈಗ ಎರಡನೇ ತಪ್ಪು ಮಾತು. ಸರ್ಕಾರದ ಪರಿಹಾರ ಬಂದ್ರ ಮೋಟಾರು ಅಪಘಾತ ಕ್ಲೇಮು ಹಾಕಬಾರದು ಅನ್ನೋದು. ಹಾಕಲೇಬೇಕು! ಲಾರಿ ಚಾಲಕನ ತಪ್ಪಿಗೆ ಲಾರಿಯ ವಿಮಾ ಕಂಪನಿ ಕೊಡೋ ದುಡ್ಡದು. ಸರ್ಕಾರಕ್ಕೂ ಅದಕ್ಕೂ ಸಂಬಂಧ ಇಲ್ಲ.

ಗಡುವು: ಅಪಘಾತದ ದಿನದಿಂದ ಆರು ತಿಂಗಳು. 2019ರ ತಿದ್ದುಪಡಿ, 2022ರ ಏಪ್ರಿಲ್ 1ರಿಂದ ಜಾರಿ. ಮೊದಲಿನಂಗ ಯಾವಾಗರ ಹಾಕಿದ್ರಾತು ಅನ್ನೋ ಕಾಲ ಹೋತು. ಕುಟುಂಬ ಇರೋ ಊರಿನ ನ್ಯಾಯಮಂಡಳಿಯಾಗೂ ಹಾಕಬಹುದು, ಅಪಘಾತ ಆದಲ್ಲೇ ಹೋಗಬೇಕಂತಿಲ್ಲ.

ಲೆಕ್ಕ ಹೆಂಗ ಅಂತ ತೋರಿಸ್ತೀನಿ. ತೆರಿಗೆ ಕಳೆದು ತಿಂಗಳ ಸಂಬಳ 50,000 ಅಂತ ಹಿಡೀರಿ. ವರ್ಷಕ್ಕ 6 ಲಕ್ಷ. ಕಾಯಂ ನೌಕರಿ, 40ರ ಒಳಗ ವಯಸ್ಸು, ಹಂಗಾಗಿ ಸುಪ್ರೀಂ ಕೋರ್ಟಿನ ಪ್ರಣಯ್ ಸೇಠಿ ತೀರ್ಪಿನ ಪ್ರಕಾರ ಮುಂದಿನ ಬಡ್ತಿ ಏರಿಕೆಗೆ ಶೇ. 50 ಸೇರಿಸಬೇಕು, 9 ಲಕ್ಷ ಆತು. ಅವಲಂಬಿತರು ನಾಲ್ವರು, ಅಂದ್ರ ಅವರ ಸ್ವಂತ ಖರ್ಚಿಗೆ ಕಾಲುಭಾಗ ಕಳೀಬೇಕು, ಉಳೀತು 6,75,000. ಸರಳಾ ವರ್ಮಾ ತೀರ್ಪಿನ ಕೋಷ್ಟಕದಾಗ 36ರಿಂದ 40 ವಯಸ್ಸಿಗೆ ಗುಣಕ 15. ಒಟ್ಟು 1,01,25,000. ಅದರ ಮ್ಯಾಲ ಅಂತ್ಯಕ್ರಿಯೆ, ಸಾಂಗತ್ಯ ನಷ್ಟ (ಅವರ ಒಡನಾಟ ಕಳಕೊಂಡದ್ದಕ್ಕ) ಅಂತ ಸಣ್ಣ ಬಾಬತ್ತು. ಮಕ್ಕಳಿಗೂ ತಂದೆಯ ಸಾಂಗತ್ಯ ನಷ್ಟಕ್ಕ ಬ್ಯಾರೆ ಮೊತ್ತ ಐತಿ, ಅರ್ಜಿಯಾಗ ಕೇಳೂದ ಮರೀಬ್ಯಾಡ್ರಿ.

ನಾಲ್ವರ ಹೆಸರೂ ಅರ್ಜಿಯಾಗ ಇರಬೇಕು. ತೀರಿಕೊಂಡವರ ತಾಯಿನ್ನ ಬಿಟ್ರ ಅವಲಂಬಿತರು ಮೂವರಾಗಿ ಕಾಲುಭಾಗದ ಬದಲಿ ಮೂರನೇ ಒಂದು ಭಾಗ ಕಳೀತಾರ. ಅಷ್ಟಕ್ಕ 11 ಲಕ್ಷದ ಮ್ಯಾಲ ಹೋಗತೈತಿ.

ಮಂಡ್ಯ_ಮಾತು
ಕುಟುಂಬ ಪಿಂಚಣಿ ಬರ್ತಾ ಇದೆ, ಕೆಲಸಾನೂ ಸಿಕ್ತು ಅಂತ ವಿಮಾ ಕಂಪನಿಯವರು ಕಳೀರಿ ಅಂತ ವಾದ ಮಾಡ್ತಾರಲ್ಲ?

ವಕೀಲ್ರು_ಧಾರವಾಡ
ಮಾಡ್ತಾರ, ನಿಲ್ಲೂದಿಲ್ಲ. ಕುಟುಂಬ ಪಿಂಚಣಿ, ಜೀವವಿಮೆ, ಪಿಎಫ್ ಕಳೀಬಾರದು ಅಂತ 1998ರಿಂದ ಸುಪ್ರೀಂ ಕೋರ್ಟು ಹೇಳೇತಿ. ಅನುಕಂಪದ ನೌಕರಿ ಸಂಬಳನೂ ಕಳೀಬಾರದು ಅಂತ 2013ರ ತೀರ್ಪು. ಒಂದು ಹುಷಾರಿ ಮಾತು: ಹರಿಯಾಣದಂಥ ರಾಜ್ಯದಾಗ ತೀರಿಕೊಂಡವರ ಸಂಬಳನ ವರ್ಷಗಟ್ಟಲೆ ಕುಟುಂಬಕ್ಕ ಮುಂದುವರಿಸೋ ನಿಯಮ ಐತಿ, ಆ ಮೊತ್ತ ಕಳೀಬಹುದು ಅಂತ 2016ರಾಗ ಹೇಳ್ಯಾರ. ಅದನ್ನ ತಂದು ಕರ್ನಾಟಕದ ಕೇಸಿನಾಗ ಹೊಂದಿಸಾಕ ನೋಡ್ತಾರ, ನಿಮ್ಮ ವಕೀಲರು ವಿರೋಧ ಮಾಡಬೇಕು.

ಮಾಜಿ_ರೈಟರ್
ಲಾರಿ ಸಿಗದೆ ಹೋಗಿದ್ದರೆ? ಅಥವಾ ಇಲಾಖೆ ಜೀಪೇ ಪಲ್ಟಿಯಾಗಿದ್ದರೆ? ಓದುವವರಲ್ಲಿ ಅಂಥವರೂ ಇರಬಹುದು.

ವಕೀಲ್ರು_ಧಾರವಾಡ
ಗುದ್ದಿ ಓಡಿ ಹೋಗಿದ್ದು, ಗಾಡಿ ಪತ್ತೆ ಇಲ್ಲ ಅಂದ್ರ ಕೇಂದ್ರದ ಹಿಟ್ ಅಂಡ್ ರನ್ ಯೋಜನೆಯಾಗ ಸಾವಿಗೆ 2 ಲಕ್ಷ. ಸರ್ಕಾರಿ ಜೀಪಿನಾಗ ಕುಂತು ಹೋಗೂ ಮುಂದ ಚಾಲಕನ ತಪ್ಪಿಂದ ಆಗಿದ್ರ ಇಲಾಖೆ ಮ್ಯಾಲೂ, ಆ ಜೀಪಿಗೆ ವಿಮೆ ಕೊಟ್ಟವರ ಮ್ಯಾಲೂ ಕ್ಲೇಮು. ನಮ್ಮಲ್ಲಿ ಸರ್ಕಾರಿ ಗಾಡಿಗಳ ವಿಮೆ ಕೆಜಿಐಡಿ, ಅಂದ್ರ ಕರ್ನಾಟಕ ಸರ್ಕಾರಿ ವಿಮಾ ಇಲಾಖೆಯ ಮೋಟಾರು ಶಾಖೆ ನೋಡ್ಕೋತೈತಿ. ತೀರಿಕೊಂಡವರೇ ಓಡಿಸ್ತಿದ್ದು ತಪ್ಪೂ ಅವರದೇ ಆಗಿದ್ರ ಈ ದಾರಿ ಕಷ್ಟ, ವಿಮೆ ಕಡೆ ನೋಡಬೇಕು.

ಕುಡ್ಲದ_ಅಕೌಂಟೆಂಟ್
ವಿಮೆ ಅಂದಿರಲ್ಲ, ಅದನ್ನು ಪಟ್ಟಿ ಮಾಡಿಬಿಡುವ. ರಾಜ್ಯ ನೌಕರರಿಗೆ ಕಡ್ಡಾಯ ಕೆಜಿಐಡಿ ಪಾಲಿಸಿ ಉಂಟು, ಬಾಂಡುಗಳು ಒಂದಕ್ಕಿಂತ ಹೆಚ್ಚು ಇರಬಹುದು, ಸಂಬಳ ಏರಿದ ಹಾಗೆ ಹೊಸ ಬಾಂಡು ಮಾಡಿರುತ್ತಾರೆ. ಸಮೂಹ ವಿಮೆ ಬೇರೆ. ಸಂಬಳದ ಚೀಟಿಯಲ್ಲಿ ಕಡಿತದ ಕಾಲಂ ನೋಡಿದರೆ ಯಾವುದೆಲ್ಲ ಉಂಟು ಗೊತ್ತಾಗುತ್ತದೆ, ಸೊಸೈಟಿ ಸಾಲ, ಎಲ್‌ಐಸಿ ಎಲ್ಲ.

ಸಂಬಳದ ಬ್ಯಾಂಕ್ ಖಾತೆ ಪೊಲೀಸ್ ಸ್ಯಾಲರಿ ಪ್ಯಾಕೇಜ್ ಆಗಿತ್ತಾ ಕೇಳಿ. ಹಾಗೆ ಇದ್ದರೆ ಅಪಘಾತ ವಿಮೆ ಖಾತೆಯ ಜೊತೆಗೇ ಬಂದಿರುತ್ತದೆ, ಬೇರೆ ಪ್ರೀಮಿಯಂ ಕಟ್ಟಿರುವುದಿಲ್ಲ, ಹಾಗಾಗಿ ಮನೆಯವರಿಗೆ ಗೊತ್ತೇ ಇರುವುದಿಲ್ಲ. ಸಂಬಳ ಬಂದರೂ ಖಾತೆ ಮಾಮೂಲಿ ಉಳಿತಾಯ ಖಾತೆಯಾಗಿಯೇ ಉಳಿದಿದ್ದರೆ ಆ ವಿಮೆ ಸಿಗುವುದಿಲ್ಲ. ಈಗ ಸೇವೆಯಲ್ಲಿರುವವರು ಇದನ್ನು ಓದುತ್ತಿದ್ದರೆ ನಾಳೆಯೇ ಬ್ಯಾಂಕಿಗೆ ಹೋಗಿ ಖಾತೆಯ ಬಗೆ ಬದಲಾಯಿಸಿಕೊಳ್ಳಿ ಮಾರಾಯ್ರೆ.

ಪಾಸ್‌ಬುಕ್ಕಿನಲ್ಲಿ ಮೇ ತಿಂಗಳ ಸುಮಾರಿಗೆ 20 ರೂಪಾಯಿ, 436 ರೂಪಾಯಿ ಕಡಿತ ಕಂಡರೆ ಅದು ಪ್ರಧಾನಮಂತ್ರಿ ಸುರಕ್ಷಾ ಬಿಮಾ ಮತ್ತು ಜೀವನಜ್ಯೋತಿ ಬಿಮಾ. ಎರಡೂ ತಲಾ 2 ಲಕ್ಷ. ಅಪಘಾತದ ಸಾವಿಗೆ ಎರಡೂ ಬರುತ್ತದೆ. ಕ್ಲೇಮು 30 ದಿನದೊಳಗೆ ಕೊಟ್ಟರೆ ಒಳ್ಳೆಯದು, ನೀವು ಮೂರು ವಾರ ಅಂದಿದ್ದೀರಿ, ಈ ವಾರ ಮಾಡಿ.

ಶರಾವತಿ_ದಡ
ಪಾಸ್‌ಬುಕ್ ನೋಡಿಸಿದೆ. 436 ಇದೆ, 20 ಕಾಣಲಿಲ್ಲ. ಕೆಜಿಐಡಿ ಬಾಂಡಿನಲ್ಲಿ ನಾಮಿನಿ ಅವರ ತಾಯಿ, ಮದುವೆಗೆ ಮುಂಚೆ ಬರೆದಿದ್ದಂತೆ. ಇದರಿಂದ ಅತ್ತೆ ಸೊಸೆ ನಡುವೆ ಈಗಲೇ ಸ್ವಲ್ಪ ಬಿಸಿ.

ಮಾಜಿ_ರೈಟರ್
ಇದು ಪ್ರತಿ ಠಾಣೆಯಲ್ಲೂ ಇರೋ ಸಮಸ್ಯೆ. ಕೆಲಸಕ್ಕೆ ಸೇರಿದ ವರ್ಷ ಅಮ್ಮನ ಹೆಸರು ಬರೆದಿರ್ತಾರೆ, ಮದುವೆ ಆಗುತ್ತೆ, ಮಕ್ಕಳಾಗುತ್ತೆ, ನಾಮಿನಿ ಹಾಗೇ ಇರುತ್ತೆ. ಹಿರಿಯರೊಬ್ಬರನ್ನು ಕೂರಿಸಿಕೊಂಡು ಈಗಲೇ ಮಾತಾಡಿ. ಅಜ್ಜಿಗೆ ಔಷಧಿ, ಊಟದ ಖರ್ಚಿಗೆ ಇಷ್ಟು, ಉಳಿದದ್ದು ಮಕ್ಕಳ ಹೆಸರಿಗೆ ಠೇವಣಿ ಅಂತ ಬರಹದಲ್ಲಿ ಒಪ್ಪಂದ ಆದರೆ ಕೋರ್ಟಿಗೆ ಹೋಗೋದು ತಪ್ಪುತ್ತೆ. ಒಪ್ಪಂದ ಆಗದೆ ಉತ್ತರಾಧಿಕಾರ ಪ್ರಮಾಣಪತ್ರಕ್ಕೆ ಸಿವಿಲ್ ಕೋರ್ಟಿಗೆ ಹೋದರೆ ತಕರಾರು ಇತ್ಯರ್ಥವಾಗೋವರೆಗೆ ಹಣ ಅಲ್ಲೇ ನಿಲ್ಲುತ್ತೆ, ಈ ಕಡೆ ಮಕ್ಕಳ ಶಾಲೆ ಫೀಸು ಕಾಯಲ್ಲ.

ಅನುಕಂಪದ ಅರ್ಜಿಗೂ ಉಳಿದವರ ಒಪ್ಪಿಗೆ ಪತ್ರ ಕೇಳ್ತಾರೆ. ಅಜ್ಜಿ ಮುನಿಸಿಕೊಂಡರೆ ಅಲ್ಲೂ ಅಡ್ಡಿ.

ಸೀತಾಳೆ
ಅಜ್ಜಿಯನ್ನು ಹಣಕ್ಕೆ ಅಡ್ಡಿ ಅನ್ನುವ ಹಾಗೆ ಮಾತಾಡುವುದು ಸರಿಯಲ್ಲ. ಮಗನನ್ನು ಕಳಕೊಂಡವರು ಅವರೂ ಹೌದು. ಅವರಿಗೆ ಪಿಂಚಣಿ ಬರುವುದಿಲ್ಲ, ಅನುಕಂಪದ ನೌಕರಿ ಇಲ್ಲ. ವಿಮೆಯಲ್ಲಿ ಪಾಲು ಕೇಳಿದರೆ ತಪ್ಪೇನಿದೆ?

ಮಾಜಿ_ರೈಟರ್
ತಪ್ಪಿಲ್ಲ, ನಾನೂ ಅದನ್ನೇ ಹೇಳಿದ್ದು. ಅವರ ಖರ್ಚಿಗೆ ಮೊದಲು ಇಡಿ ಅಂತ.

ಗಡಿ_ಕಾವಲು
ಕೇಂದ್ರ ಪಡೆಗಳಲ್ಲಿ ಲೆಕ್ಕ ಬೇರೆ, ಸಿಆರ್‌ಪಿಎಫ್ ಬಿಎಸ್‌ಎಫ್‌ನಲ್ಲಿರುವ ಕನ್ನಡಿಗರ ಮನೆಯವರಿಗೆ ಉಪಯೋಗ ಆಗಲಿ ಅಂತ ಬರೆಯುತ್ತಿದ್ದೇನೆ. 2016ರ ಜನವರಿ 1ರಿಂದ ಕೇಂದ್ರದ ಒಂದೇ ಗಂಟಿನ ಪರಿಹಾರ: ಕರ್ತವ್ಯದಲ್ಲಿ ಅಪಘಾತವಾದರೆ 25 ಲಕ್ಷ, ಭಯೋತ್ಪಾದಕರು ಅಥವಾ ಸಮಾಜಘಾತುಕರ ಹಿಂಸೆಗೆ ಬಲಿಯಾದರೂ 25 ಲಕ್ಷ, ಉಗ್ರರ ವಿರುದ್ಧ ಕಾರ್ಯಾಚರಣೆ ಅಥವಾ ಗಡಿ ಚಕಮಕಿಯಲ್ಲಿ 35 ಲಕ್ಷ. ಅಸಾಧಾರಣ ಪಿಂಚಣಿ ನಿಯಮದಲ್ಲಿ ಸಾವಿನ ಕಾರಣಕ್ಕೆ ಎ ಇಂದ ಇ ತನಕ ವರ್ಗ ಇದೆ. ಅಪಘಾತ ಸಿ ವರ್ಗ, ಮೂಲವೇತನದ ಶೇ. 60. ಡಿ ಮತ್ತು ಇ ವರ್ಗ ಆದರೆ ಕೊನೆಯ ವೇತನದಷ್ಟೇ ಕುಟುಂಬ ಪಿಂಚಣಿ. ಒಂದು ಅಕ್ಷರ ಬದಲಾದರೆ ಮನೆಯ ಆದಾಯವೇ ಬದಲಾಗುತ್ತದೆ. ಅದಕ್ಕೆ ವಿಚಾರಣಾ ವರದಿಯ ಪ್ರತಿ ಕೇಳಿ ಪಡೆದು ಓದಬೇಕು.

'ಭಾರತ್ ಕೆ ವೀರ್' 2017ರ ಏಪ್ರಿಲ್‌ನಲ್ಲಿ ಶುರುವಾದದ್ದು, ಕುಟುಂಬಕ್ಕೆ ಸಾರ್ವಜನಿಕರ ದೇಣಿಗೆಯ ಮಿತಿ 15 ಲಕ್ಷ, ಅದು ಕೇಂದ್ರ ಪಡೆಗಳಿಗೆ ಮಾತ್ರ. ಸಿಇಟಿ ಅರ್ಜಿಯಲ್ಲಿ ಸಿಎಪಿಎಫ್ (ಕೇಂದ್ರ ಸಶಸ್ತ್ರ ಪೊಲೀಸ್ ಪಡೆ) ವಿಭಾಗವೂ ಇದೆ, ಅರ್ಜಿ ತುಂಬುವಾಗಲೇ ಗುರುತು ಹಾಕಬೇಕು.

ಸೀತಾಳೆ
ರಾಜ್ಯ ಪೊಲೀಸರ ಮಕ್ಕಳಿಗೂ ಪ್ರಧಾನಮಂತ್ರಿ ವಿದ್ಯಾರ್ಥಿವೇತನ ಇದೆ ಎಂದು 2019ರಲ್ಲಿ ಘೋಷಣೆ ಆಗಿತ್ತು. ಇವರಿಗೆ ಸಿಗುತ್ತದೆಯೆ?

ಗಡಿ_ಕಾವಲು
ಈ ಕುಟುಂಬಕ್ಕೆ ಸಿಗುವುದಿಲ್ಲ. ಭಯೋತ್ಪಾದಕ ಅಥವಾ ನಕ್ಸಲ್ ದಾಳಿಯಲ್ಲಿ ಹುತಾತ್ಮರಾದ ರಾಜ್ಯ ಪೊಲೀಸರ ಮಕ್ಕಳಿಗೆ ಮಾತ್ರ, ದೇಶಕ್ಕೆಲ್ಲ ಸೇರಿ ವರ್ಷಕ್ಕೆ 500. ಹುಡುಗರಿಗೆ ತಿಂಗಳಿಗೆ 2,500, ಹುಡುಗಿಯರಿಗೆ 3,000. ಹನ್ನೆರಡನೇ ತರಗತಿಯಲ್ಲಿ ಶೇ. 60 ಬೇಕು, ವೃತ್ತಿಪರ ಪದವಿಯ ಮೊದಲ ವರ್ಷ ಇರಬೇಕು, ವಿದೇಶದ ಓದಿಗೆ ಇಲ್ಲ. ಅರ್ಜಿ ರಾಷ್ಟ್ರೀಯ ವಿದ್ಯಾರ್ಥಿವೇತನ ಪೋರ್ಟಲ್‌ನಲ್ಲಿ.

ಮಂಡ್ಯ_ಮಾತು
ಇದು ಯಾವ ನ್ಯಾಯ ಹೇಳಿ. ಮರಳು ಲಾರಿ ತಡೆಯೋಕೆ ಹೋಗಿ ಸತ್ತ ಪೊಲೀಸಪ್ಪನ ಮಗನಿಗೆ ಇಲ್ಲ, ನಕ್ಸಲ್ ಗುಂಡಿಗೆ ಸತ್ತರೆ ಇದೆ. ಮಗುವಿಗೆ ಹೋಗಿದ್ದು ಅಪ್ಪ ತಾನೆ? ಅಪ್ಪನ್ನ ಕೊಂದಿದ್ದು ಯಾರು ಅನ್ನೋದರ ಮೇಲೆ ಕಾಲೇಜು ಫೀಸು ನಿಲ್ಲಬಾರದು.

ಮಾಜಿ_ರೈಟರ್
ಒಪ್ಪಿದೆ. ಆದರೆ ಇಲಾಖೆಯ ಪೊಲೀಸ್ ಕಲ್ಯಾಣ ನಿಧಿ ಇದೆ, ಅಲ್ಲಿ ಸಾವಿನ ಕಾರಣದ ಭೇದ ಕಡಿಮೆ. ಏಪ್ರಿಲ್ 2ರ ಪೊಲೀಸ್ ಧ್ವಜ ದಿನ ಮಾರೋ ಧ್ವಜದ ಹಣವೂ ಕಲ್ಯಾಣಕ್ಕೇ ಹೋಗೋದು. ಮಕ್ಕಳ ಓದಿನ ನೆರವಿಗೆ ಪ್ರತಿ ವರ್ಷ ಸುತ್ತೋಲೆ ಬರುತ್ತೆ. ತೊಂದರೆ ಏನಂದ್ರೆ ಸುತ್ತೋಲೆ ಠಾಣೆ ನೋಟಿಸ್ ಬೋರ್ಡಿಗೆ ಬರುತ್ತೆ, ಅಪ್ಪ ಇಲ್ಲದ ಮನೆಗೆ ತಲುಪಲ್ಲ. ಎಸ್‌ಪಿ ಕಚೇರಿಯ ಕಲ್ಯಾಣ ಶಾಖೆಯಲ್ಲಿ ಆ ತಾಯಿಯ ಮೊಬೈಲ್ ನಂಬರ್ ಬರೆಸಿ. ಅಕ್ಟೋಬರ್ 21ರ ಹುತಾತ್ಮರ ದಿನಕ್ಕೆ ಕರೆಯೋವಾಗ ಎಸ್‌ಪಿಯವರು ಎದುರಿಗೇ ಸಿಗ್ತಾರೆ, ಬಾಕಿ ಇರೋದನ್ನು ಚೀಟಿಯಲ್ಲಿ ಬರೆದು ಕೈಗೆ ಕೊಡಿ.

ಟೆಕ್ಸಾಸ್_ಕನ್ನಡಿಗ
ಅಮೆರಿಕದಲ್ಲಿ 1976ರಿಂದ ಇದಕ್ಕೆ ಒಂದೇ ಫೆಡರಲ್ ಕಾನೂನು ಇದೆ. ಕೊಂದವರು ಯಾರು ಅನ್ನೋ ಭೇದ ಇಲ್ಲ. ಮಕ್ಕಳ ಓದಿಗೆ 45 ತಿಂಗಳವರೆಗೆ ಮಾಸಿಕ ನೆರವು, ಸಾಮಾನ್ಯವಾಗಿ 27 ವಯಸ್ಸಿನೊಳಗೆ. 2003ರಲ್ಲಿ ಇನ್ನೊಂದು ಸೇರಿಸಿದರು: ಶ್ರಮದ ಕರ್ತವ್ಯ ಮಾಡಿ 24 ಗಂಟೆಯೊಳಗೆ ಹೃದಯಾಘಾತವಾದರೆ ಅದನ್ನು ಕರ್ತವ್ಯದ ಸಾವೆಂದೇ ಮೊದಲು ಭಾವಿಸಬೇಕು, ಅಲ್ಲ ಅಂತ ತೋರಿಸುವ ಹೊರೆ ಸರ್ಕಾರದ್ದು.

ಮಂಡ್ಯ_ಮಾತು
ನಮ್ಮಲ್ಲಿ ಇದು ತುರ್ತಾಗಿ ಬೇಕು. ಚುನಾವಣೆ ಬಂದೋಬಸ್ತು, ಗಣಪತಿ ಬಂದೋಬಸ್ತು ಅಂತ ಹದಿನಾರು ಗಂಟೆ ನಿಲ್ಲಿಸಿ ಆಮೇಲೆ ಎದೆನೋವು ಬಂದ್ರೆ "ಸಹಜ ಸಾವು" ಅಂತ ಬರೀತಾರೆ.

ಗಡಿ_ಕಾವಲು
ಕೇಂದ್ರ ನಿಯಮದಲ್ಲಿ ಸೇವೆಯ ಪರಿಸರದಿಂದ ಬಂದ ಕಾಯಿಲೆಗೆ ಬಿ ವರ್ಗ ಇದೆ. ಸಾಬೀತು ಮಾಡಲು ಡ್ಯೂಟಿ ರೋಸ್ಟರ್, ಹಿಂದಿನ ವೈದ್ಯಕೀಯ ತಪಾಸಣೆ ವರದಿ ಎರಡೂ ಬೇಕು. ಹಿಂದಿನ ವರ್ಷದ ತಪಾಸಣೆಯಲ್ಲಿ ಹೃದಯ ಸರಿ ಇತ್ತು ಅಂತ ಇದ್ದರೆ ವಾದಕ್ಕೆ ಬಲ ಬರುತ್ತದೆ.

ಕುಡ್ಲದ_ಅಕೌಂಟೆಂಟ್
ಹಣ ಬಂದ ಮೇಲೆ ಆಗುವ ತಪ್ಪುಗಳ ಬಗ್ಗೆಯೂ ಹೇಳಬೇಕು, ಮಕ್ಕಳಿಗೆ ನಷ್ಟ ಆಗುವುದು ಅಲ್ಲಿಯೇ.

ಕುಟುಂಬ ಪಿಂಚಣಿಗೆ ತೆರಿಗೆ ಉಂಟು. ಹೊಸ ಪದ್ಧತಿಯಲ್ಲಿ ಮೂರನೇ ಒಂದು ಭಾಗ ಅಥವಾ 25,000, ಯಾವುದು ಕಡಿಮೆಯೋ ಅಷ್ಟು ಕಳೆಯಬಹುದು, ಹಳೆಯದರಲ್ಲಿ 15,000. ಮಕ್ಕಳ ಹೆಸರಿನಲ್ಲಿ ಠೇವಣಿ ಇಟ್ಟರೂ 18ರ ತನಕ ಬಡ್ಡಿ ತಾಯಿಯ ಆದಾಯಕ್ಕೆ ಸೇರುತ್ತದೆ, ಮಗುವಿನ ಪಾನ್ ಮಾಡಿಸಿದರೆ ತಪ್ಪುತ್ತದೆ ಎಂದು ಹೇಳುವವರನ್ನು ನಂಬಬೇಡಿ.

ಮಗಳಿಗೆ 9 ಅಂದಿರಿ. ಸುಕನ್ಯಾ ಸಮೃದ್ಧಿ ಖಾತೆ 10 ತುಂಬುವ ಮೊದಲು ಮಾತ್ರ ತೆರೆಯಲಿಕ್ಕೆ ಆಗುವುದು. ವರ್ಷಕ್ಕೆ ಹೆಚ್ಚೆಂದರೆ 1.5 ಲಕ್ಷ, ಹಾಗಾಗಿ ಪರಿಹಾರದ ಪೂರ್ತಿ ಗಂಟು ಅಲ್ಲಿ ಹಿಡಿಸುವುದಿಲ್ಲ. ಖಾತೆ ಪಕ್ವ ಆಗುವುದು ತೆರೆದು 21 ವರ್ಷಕ್ಕೆ, ಆಗ ಅವಳಿಗೆ 30. ಆದರೆ ಓದಿಗೆ 18ರ ನಂತರ ಅಥವಾ ಹತ್ತನೇ ತರಗತಿ ಆದ ಮೇಲೆ ಅರ್ಧದವರೆಗೆ ತೆಗೆಯಬಹುದು. ಈಗ 250 ರೂಪಾಯಿ ಹಾಕಿ ತೆರೆದಿಡಿ, ಉಳಿದದ್ದು ಆಮೇಲೆ ನೋಡುವ.

ಶರಾವತಿ_ದಡ
ಸಂಬಂಧಿಕರೊಬ್ಬರು ಪರಿಹಾರದ ಹಣದಲ್ಲಿ ಮಕ್ಕಳ ಹೆಸರಿಗೇ ಸೈಟು ಕೊಳ್ಳಿ ಎನ್ನುತ್ತಿದ್ದಾರೆ.

ವಕೀಲ್ರು_ಧಾರವಾಡ
ಅವಸರ ಬ್ಯಾಡ್ರಿ. ಅಪ್ರಾಪ್ತರ ಹೆಸರಿನ ಸ್ಥಿರಾಸ್ತಿ ಮಾರಾಕ, ಅಡ ಇಡಾಕ ತಾಯಿಗೂ ಜಿಲ್ಲಾ ನ್ಯಾಯಾಲಯದ ಅನುಮತಿ ಬೇಕು. ಮಗ ಇನ್ನು ನಾಲ್ಕು ವರ್ಷಕ್ಕ ಕಾಲೇಜಿಗೆ ಹೋಗೂ ಹೊತ್ತಿಗೆ ಕೈಯಾಗ ರೊಕ್ಕ ಬೇಕಾಗತೈತಿ, ಸೈಟು ಅಲ್ಲೇ ಕುಂತಿರತೈತಿ. ನ್ಯಾಯಮಂಡಳಿಯಿಂದ ಬರೋ ಮಕ್ಕಳ ಪಾಲನ್ನ ಕೋರ್ಟು 18ರ ತನಕ ಬ್ಯಾಂಕ್ ಠೇವಣಿಯಾಗ ಇಡಸ್ತೈತಿ, ಬಡ್ಡಿ ತಿಂಗಳಾ ತಾಯಿ ಖಾತೆಗೆ ಬರುವಂಗ ಅರ್ಜಿಯಾಗೇ ಕೇಳ್ರಿ. ಓದಿಗೆ ನಡುವ ಬೇಕಾದ್ರ ಫೀಸಿನ ಚಲನ್ ಹಚ್ಚಿ ಅರ್ಜಿ ಕೊಟ್ರ ಬಿಡಸ್ತಾರ.

ಸೀತಾಳೆ
ಇನ್ನೊಂದು ಪ್ರಶ್ನೆ, ಈ ಕುಟುಂಬದ್ದಲ್ಲ. ತೀರಿಕೊಂಡವರಿಗೆ ಎರಡನೇ ಮದುವೆಯ ಮಕ್ಕಳಿದ್ದರೆ?

ವಕೀಲ್ರು_ಧಾರವಾಡ
ಎರಡನೇ ಮದುವಿ ಊರ್ಜಿತ ಅಲ್ಲದಿದ್ರೂ ಮಕ್ಕಳು ಕಾನೂನಿನ ಕಣ್ಣಾಗ ಔರಸರು, ಅಂದ್ರ ಸಕ್ರಮ ಮಕ್ಕಳು. ಆ ಹೆಂಡತಿಗೆ ಕುಟುಂಬ ಪಿಂಚಣಿ ಇಲ್ಲ, ಮಕ್ಕಳಿಗೆ ಪಾಲು ಐತಿ ಅಂತ 2000ದಾಗ ಸುಪ್ರೀಂ ಕೋರ್ಟು ಹೇಳೇತಿ. ಎರಡನೇ ಹೆಂಡತಿ ಮಗ ಅನ್ನೋ ಒಂದೇ ಕಾರಣಕ್ಕ ಅನುಕಂಪದ ನೌಕರಿ ನಿರಾಕರಿಸಬಾರದು ಅಂತ 2018ರಾಗೂ ಹೇಳೇತಿ.

ಶರಾವತಿ_ದಡ
ಎಲ್ಲರಿಗೂ ವಂದನೆ. ನಾಳೆ ಬ್ಯಾಂಕು, ನಾಡಕಚೇರಿ. ಸೋಮವಾರ ಎಸ್‌ಪಿ ಕಚೇರಿಗೆ ಅವರ ಜೊತೆ ಹೋಗುತ್ತೇನೆ. ಅನುಕಂಪದ ಅರ್ಜಿಯನ್ನು ಅಂಚೆಯಲ್ಲಿ ಕಳಿಸಬಹುದೋ, ಕೈಯಲ್ಲೇ ಕೊಡಬೇಕೋ?

ಮಾಜಿ_ರೈಟರ್
ಕೈಯಲ್ಲಿ ಕೊಡಿ. ಟಪಾಲು ಶಾಖೆಯಲ್ಲಿ ನಿಮ್ಮ ಪ್ರತಿಯ ಮೇಲೆ ಮೊಹರು, ತಾರೀಖು, ಸ್ವೀಕೃತಿ ಸಂಖ್ಯೆ ಹಾಕಿಸಿಕೊಳ್ಳಿ. ಕೊಡಲ್ಲ ಅಂದರೆ ಅದೇ ದಿನ ಸ್ವೀಕೃತಿ ಸಹಿತ ಸ್ಪೀಡ್ ಪೋಸ್ಟಿನಲ್ಲಿ ಇನ್ನೊಂದು ಪ್ರತಿ. ಯಾವುದಾದರೂ ಪತ್ರ ಬಾಕಿ ಇದ್ದರೂ ಅರ್ಜಿ ತಡೆಯಬೇಡಿ, "ಪತ್ರ ನಂತರ ಸಲ್ಲಿಸಲಾಗುವುದು" ಅಂತ ಬರೆದು ಕೊಟ್ಟುಬಿಡಿ. ಒಂದು ವರ್ಷದ ಲೆಕ್ಕಕ್ಕೆ ಬರೋದು ಅರ್ಜಿ ತಲುಪಿದ ತಾರೀಖು.

ಟ್ರೆಜರಿ_ಟೋಕನ್
ಸೋಮವಾರ ಹೋಗೋವಾಗ ಇಬ್ಬರು ಮಕ್ಕಳ ಜನನ ಪ್ರಮಾಣಪತ್ರದ ಮೂಲವನ್ನೂ, ತಾಯಿಯ ಹೆಸರಲ್ಲಿ ಒಬ್ಬರದೇ ಖಾತೆಯ ಪಾಸ್‌ಬುಕ್ಕನ್ನೂ ಒಯ್ಯಿರಿ. ಗಂಡನ ಜೊತೆಗಿನ ಜಂಟಿ ಖಾತೆ ಕೊಟ್ಟರೆ ಹೆಸರು ತೆಗೆಸಿಕೊಂಡು ಬನ್ನಿ ಅಂತ ಫೈಲು ನಿಲ್ಲಬಹುದು.